ಇಪ್ಪತ್ತೊಂದನೆಯ ಕಲಂ

ಮಕ್ಕಳು ಬರೆದುಕೊಡುವ ತಪ್ಪೊಪ್ಪಿಗೆ ಪತ್ರಗಳನ್ನು ಓದೀ ಓದೀ, ಯಾವುದರಲ್ಲಿ ಹುರುಳಿದೆ ಎಂದು ಉಪಾಧ್ಯಾಯಿನಿಯರಿಗೆ ಬೇಗ ತಿಳಿಯುತ್ತದೆ. ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ೨೦೨೪ರ ಆಗಸ್ಟಿನಲ್ಲಿ ಹೊರತಂದ ವರದಿಯನ್ನು ನಾನು ಅದೇ ಕಣ್ಣಿನಿಂದ ಓದಿದೆ.

ಆ ವರ್ಷ ಜುಲೈ ೧೯ರಂದು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟದ್ದು ನಿಮಗೆ ನೆನಪಿರಬಹುದು. ಕಂಪ್ಯೂಟರುಗಳಿಗೆ ಕಾವಲಿರುವ ಈ ಕಂಪನಿ, ಹೊಸ ಬಗೆಯ ದಾಳಿಯನ್ನು ಗುರುತಿಸಲೆಂದು ಒಂದು ಪುಟ್ಟ ಸೂಚನಾ ಕಡತವನ್ನು ಕಳಿಸಿತ್ತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು ೮೫ ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ಕಡತವನ್ನು ೭೮ ನಿಮಿಷಗಳಲ್ಲಿ ಹಿಂತೆಗೆದರೂ, ಬಿದ್ದ ಯಂತ್ರಗಳನ್ನು ಎಷ್ಟೋ ಕಡೆ ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು.

ಕಾರಣ ಕೇಳಿದರೆ ಇಷ್ಟೇನೇ ಅನ್ನುತ್ತೀರಿ. ಸೂಚನೆಯ ನಮೂನೆಯಲ್ಲಿ ೨೧ ಕಲಂಗಳಿದ್ದವು. ತಂತ್ರಾಂಶ ತುಂಬಿಕೊಡುತ್ತಿದ್ದದ್ದು ೨೦ನ್ನು ಮಾತ್ರ. ಹಿಂದಿನ ಸೂಚನೆಗಳಲ್ಲಿ ಕೊನೆಯ ಕಲಮಿಗೆ ‘ಏನಿದ್ದರೂ ಸರಿ’ ಎಂಬ ಗುರುತಿದ್ದುದರಿಂದ ಅದನ್ನು ತೆರೆದು ನೋಡುವ ಪ್ರಸಂಗವೇ ಬಂದಿರಲಿಲ್ಲ. ಜುಲೈನ ಸೂಚನೆ ಮೊದಲ ಬಾರಿಗೆ ‘ಅಲ್ಲೇನಿದೆ ನೋಡು’ ಎಂದಿತು. ಇಲ್ಲದ ಕಲಮನ್ನು ಹುಡುಕಹೋದ ತಂತ್ರಾಂಶ ತಾನೂ ಬಿತ್ತು, ವಿಂಡೋಸನ್ನೂ ಬೀಳಿಸಿತು.

ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಪ್ರತಿಯೊಂದು ಸೂಚನೆಯನ್ನೂ ಮನುಷ್ಯರೇ ಓದಿ ತಿದ್ದಲಾಗದು, ನಿಜ. ಅದಕ್ಕೆಂದೇ ತಾನಾಗಿ ತಪಾಸಣೆ ಮಾಡುವ ಇನ್ನೊಂದು ತಂತ್ರಾಂಶವನ್ನಿಟ್ಟಿದ್ದರು. ಅದೂ ೨೧ ಕಲಂ ಬರುತ್ತದೆಂದೇ ನಂಬಿಕೊಂಡು ಸರಿ ಗುರುತು ಹಾಕಿತು. ಉತ್ತರಸೂಚಿಯೇ ತಪ್ಪಿದ್ದರೆ ನೂರು ಮಂದಿ ಮೌಲ್ಯಮಾಪಕರೂ ಅದೇ ತಪ್ಪನ್ನು ಮಾಡುವುದಿಲ್ಲವೆ?

ವರದಿಯ ಗುಣವನ್ನು ಮೊದಲು ಹೇಳಬೇಕು. ಯಾವನೋ ಒಬ್ಬ ನೌಕರನ ತಲೆಗೆ ಅದು ತಪ್ಪನ್ನು ಕಟ್ಟಿಲ್ಲ. ಲೆಕ್ಕವನ್ನು ಮುಚ್ಚಿಟ್ಟಿಲ್ಲ. ಆರು ದೋಷಗಳನ್ನು ಪಟ್ಟಿಮಾಡಿ ಒಂದೊಂದಕ್ಕೂ ಪರಿಹಾರ ಬರೆದಿದೆ. ತಂತ್ರಾಂಶವನ್ನು ಸಿದ್ಧಪಡಿಸುವಾಗಲೇ ಕಲಂಗಳನ್ನು ಎಣಿಸುವುದು, ಓಡುವಾಗ ಎಲ್ಲೆ ಮೀರದಂತೆ ತಡೆಯುವುದು, ತಪಾಸಣೆಯ ತಂತ್ರಾಂಶವನ್ನೇ ತಿದ್ದುವುದು, ಇವೆಲ್ಲ ಒಪ್ಪತಕ್ಕವೇ.

ನನ್ನ ತಕರಾರು ಆರನೆಯ ದೋಷದ ಬಗ್ಗೆ. ಹೊಸ ಸೂಚನೆಯನ್ನು ಮೊದಲು ಕೆಲವೇ ಯಂತ್ರಗಳಿಗೆ ಕೊಟ್ಟು, ನೋಡಿಕೊಂಡು, ಆಮೇಲೆ ಉಳಿದವಕ್ಕೆ ಹಂತಹಂತವಾಗಿ ಕಳಿಸಬೇಕಿತ್ತು ಎಂಬ ಮಾತು ಪಟ್ಟಿಯ ಕೊನೆಗೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಅದು ಮೊದಲನೆಯದಾಗಬೇಕಿತ್ತು. ಬೇರೆ ಐದು ದೋಷಗಳಿದ್ದರೂ, ಈ ಒಂದು ಎಚ್ಚರವಿದ್ದಿದ್ದರೆ ಬೀಳುತ್ತಿದ್ದದ್ದು ಕೆಲವೇ ಯಂತ್ರಗಳು. ಜುಲೈನಲ್ಲೇ ಕೊಟ್ಟ ಮೊದಲ ವಿವರಣೆಯಲ್ಲಿ, ತಪಾಸಣೆಯ ಮೇಲಿನ ನಂಬಿಕೆಯಿಂದಲೂ ಹಿಂದಿನವು ಸರಿಹೋಗಿದ್ದರಿಂದಲೂ ಕಡತವನ್ನು ಬಿಟ್ಟೆವು ಎಂದು ಕಂಪನಿಯೇ ಒಪ್ಪಿಕೊಂಡಿತ್ತು. ಆ ನಂಬಿಕೆ ಎಲ್ಲಿಂದ ಬಂತು, ಯಾರೂ ಏಕೆ ಪ್ರಶ್ನಿಸಲಿಲ್ಲ? ಇದನ್ನು ವರದಿ ಕೆದಕುವುದಿಲ್ಲ; ಯಂತ್ರದ ಮಾತಾಡಿ ಮುಗಿಸುತ್ತದೆ. ಹೋದ ವಾರದ ಮದುವೆಯಲ್ಲಿ ಹುಳಿ ಚೆನ್ನಾಗಿತ್ತೆಂದು ಈ ವಾರ ಉಪ್ಪು ನೋಡದೆ ಪಂಕ್ತಿಗೆ ಬಡಿಸುವ ಅಡುಗೆಯವರನ್ನು ನಾವು ಎರಡನೆಯ ಸಲ ಕರೆಯುತ್ತೇವೆಯೆ?

ನಮ್ಮ ಪಿಂಚಣಿ, ಆಸ್ಪತ್ರೆಯ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಇಂದು ಇಂಥ ತಪಾಸಣೆಗಳನ್ನು ದಾಟಿಕೊಂಡೇ ಬರುತ್ತವೆ. ‘ಕಂಪ್ಯೂಟರ್ ಸರಿ ಅಂದಿದೆ ಅಮ್ಮ’ ಎಂದು ಗುಮಾಸ್ತರು ಹೇಳಿದಾಗ ಹೆಚ್ಚಿನ ಹೆಂಗಸರು ಸುಮ್ಮನೆ ಹಿಂದಿರುಗುತ್ತಾರೆ. ಹಿಂದಿರುಗಬೇಡಿ. ಆ ಕಂಪ್ಯೂಟರನ್ನು ಯಾರು ತಿದ್ದಿ ನೋಡಿದರೆಂದು ಕೇಳಿ.