ಗೋಡೆಗೇರಿದ ಕೌದಿ, ಮರೆಯಾದ ಕೈ

ಮನೆಯನ್ನು ಅಂದಗೊಳಿಸುವ ಹುಮ್ಮಸ್ಸು ಈಗ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಬೆಳಗಾವಿಯ ಖಡೇಬಜಾರ್, ಗಣಪತ್ ಗಲ್ಲಿಗಳಲ್ಲಿ ಒಂದು ಸಂಜೆ ಸುತ್ತಾಡಿದರೆ ಇದು ತಿಳಿಯುತ್ತದೆ. ಪರದೆ ಬಟ್ಟೆ, ಸೋಫಾದ ಹೊದಿಕೆ, ಗೋಡೆಗೆ ತೂಗುವ ಅರಬಿ ಲಿಪಿಯ ಚೌಕಟ್ಟು, ಶೋಕೇಸಿಗೆ ಪ್ಲಾಸ್ಟಿಕ್ ಹೂಗೊಂಚಲು ಎಂದು ಚೌಕಾಸಿ ಮಾಡುತ್ತಿರುವ ಹೆಣ್ಣುಮಕ್ಕಳಲ್ಲಿ ಸಣ್ಣ ಮನೆಗಳ, ಸಣ್ಣ ಸಂಪಾದನೆಯ ಕುಟುಂಬದವರೂ ಸಾಕಷ್ಟು ಮಂದಿ ಇರುತ್ತಾರೆ. ಇದನ್ನೆಲ್ಲ ‘ಹೆಂಗಸರ ಶೋಕಿ’ ಎಂದು ಮೂಗು ಮುರಿಯುವುದು ಸುಲಭ. ಆದರೆ ದಿನದ ಬಹುಪಾಲನ್ನು ನಾಲ್ಕು ಗೋಡೆಗಳ ನಡುವೆ ಕಳೆಯುವವಳಿಗೆ, ಆ ಗೋಡೆಗಳು ಹೇಗಿರಬೇಕೆಂದು ತೀರ್ಮಾನಿಸುವ ಹಕ್ಕಾದರೂ ಬೇಡವೇ?

ಹುಮ್ಮಸ್ಸಿನ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ಹಿಂದಿನ ದೃಷ್ಟಿಯ ಬಗ್ಗೆ. ಅತಿಥಿಗಳು ಬರುತ್ತಾರೆಂದಾಗ ನಾವು ಏನನ್ನು ಮುಂದಿಡುತ್ತೇವೆ, ಏನನ್ನು ಒಳಕೋಣೆಗೆ ಸಾಗಿಸುತ್ತೇವೆ ಎಂಬುದನ್ನು ಗಮನಿಸಿದರೆ ಆ ದೃಷ್ಟಿ ಗೊತ್ತಾಗುತ್ತದೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಹಾಗೆ ಮೊದಲು ಒಳಗೆ ಹೋಗುವುದು ಕೌದಿ. ಅದನ್ನು ಮಡಚಿ ಟ್ರಂಕಿನ ಮೇಲಿಟ್ಟು, ಅದರ ಮೇಲೊಂದು ಹೊಸ ಬೆಡ್‌ಶೀಟ್ ಹೊದಿಸಲಾಗುತ್ತದೆ. ಅಜ್ಜಿ ತಿಂಗಳುಗಟ್ಟಲೆ ಕುಳಿತು ಹೊಲಿದದ್ದು ಕಣ್ಣಿಗೆ ಬೀಳಬಾರದು, ಅಂಗಡಿಯಿಂದ ನಿನ್ನೆ ತಂದದ್ದು ಕಾಣಬೇಕು!

ವಿಚಿತ್ರವೆಂದರೆ, ಹಿತ್ತಲ ಬಾಗಿಲಿನಿಂದ ಹೊರಹಾಕಿದ ಈ ಕೌದಿ ಈಗ ಮುಂಬಾಗಿಲಿನಿಂದ ಒಳಬರುತ್ತಿದೆ. ರೆಸಾರ್ಟಿನ ಮಂಚದ ಮೇಲೆ, ಕೆಫೆಯ ಗೋಡೆಯ ಮೇಲೆ, ದೊಡ್ಡ ಪೇಟೆಗಳ ಬೂಟಿಕ್‌ಗಳಲ್ಲಿ ಅದು ‘ಪ್ಯಾಚ್‌ವರ್ಕ್’ ಎಂಬ ಹೆಸರಿನಲ್ಲಿ ಮೆರೆಯುತ್ತಿದೆ. ನಾಚಿಕೆಯ ವಸ್ತುವಾಗಿದ್ದುದು ಮೆಚ್ಚುಗೆಯ ವಸ್ತುವಾದ ಈ ಪಯಣದಲ್ಲಿ ಕೌದಿ ಗಳಿಸಿದ್ದೇನು, ಅದನ್ನು ಹೊಲಿದವಳು ಗಳಿಸಿದ್ದೇನು?

ಹರಕಿನ ಲೆಕ್ಕಾಚಾರ

ಕೌದಿಯನ್ನು ಕಲೆಯೆಂದು ಕರೆಯುವ ಮುನ್ನ ಅದನ್ನು ಸರಿಯಾಗಿ ನೋಡೋಣ. ಹಳೆಯ ಇಳಕಲ್ ಸೀರೆಯೋ ಧೋತರವೋ ತಳಕ್ಕೆ. ಅದರ ಮೇಲೆ ಸವೆದ ಬಟ್ಟೆಗಳ ಪದರಗಳು. ಎಲ್ಲಕ್ಕಿಂತ ಮೇಲೆ, ಕತ್ತರಿಸಿ ಜೋಡಿಸಿದ ಬಣ್ಣಬಣ್ಣದ ತುಂಡುಗಳು. ಅಂಗಳದಲ್ಲಿ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಸುತ್ತ ಮೂರ್ನಾಲ್ಕು ಮಂದಿ ಕುಳಿತು ಹೊಲಿಯುತ್ತಾರೆ. ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ಓಣಿಗೆ ಬಂದು ಕೂಲಿಗೆ ಹೊಲಿದುಕೊಡುವ ಹೆಂಗಸರೂ ಇದ್ದಾರೆ. ಹೊಲಿಗೆ ತೀರಾ ಸರಳ: ಸೂಜಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಕಸೂತಿಯಲ್ಲಿರುವಂತೆ ಎಳೆ ಎಣಿಸುವ ಕೌಶಲ ಇಲ್ಲಿ ಬೇಕಿಲ್ಲ. ಬೇಕಾದುದು ಕಣ್ಣು.

ಏಕೆಂದರೆ ಕೌದಿ ಹೊಲಿಯುವವಳು ಅಂಗಡಿಗೆ ಹೋಗಿ ಬಣ್ಣ ಆರಿಸುವವಳಲ್ಲ. ಮನೆಯಲ್ಲಿ ಹರಿದದ್ದು ಏನೋ ಅದೇ ಅವಳ ಬಣ್ಣದ ಪೆಟ್ಟಿಗೆ. ಗಂಡನ ಅಂಗಿಯ ನೀಲಿ, ಮಗಳ ಶಾಲಾ ಸಮವಸ್ತ್ರದ ಬೂದು, ತನ್ನದೇ ಮದುವೆಯ ಸೀರೆಯಲ್ಲಿ ಉಳಿದ ಒಂದು ಗೇಣು ಕೆಂಪು. ಆ ಒಂದು ಗೇಣು ಕೆಂಪನ್ನು ಎಲ್ಲಿಡಬೇಕು? ನಡುವಿನಲ್ಲೋ, ನಾಲ್ಕಾಗಿ ಕತ್ತರಿಸಿ ಮೂಲೆಗಳಲ್ಲೋ? ಇಂತಹ ನಿರ್ಧಾರಗಳನ್ನು ಅವಳು ನೂರಾರು ಬಾರಿ ಮಾಡುತ್ತಾಳೆ. ಚಿತ್ರಕಾರ ಕ್ಯಾನ್ವಾಸಿನ ಮುಂದೆ ಮಾಡುವುದೂ ಇದನ್ನೇ. ವ್ಯತ್ಯಾಸವಿಷ್ಟೇ, ಅವನ ಬಣ್ಣ ಮುಗಿದರೆ ಇನ್ನೊಂದು ಟ್ಯೂಬ್ ಸಿಗುತ್ತದೆ. ಅವಳ ಕೆಂಪು ಮುಗಿದರೆ ಮುಗಿಯಿತು. ಈ ಕಟ್ಟುಪಾಡಿನೊಳಗೆ ಹುಟ್ಟಿದ ಅಂದವನ್ನು ನಮ್ಮ ವಿಮರ್ಶೆ ಬಹುಕಾಲ ‘ಮನೆಗೆಲಸ’ದ ಖಾತೆಗೆ ಬರೆದುಕೊಂಡು ಸುಮ್ಮನಾಯಿತು.

ಹಾಗೆ ನೋಡಿದರೆ ತೇಪೆಗೆ ನಮ್ಮ ಪರಂಪರೆಯಲ್ಲಿ ಅಗೌರವವೇನೂ ಇರಲಿಲ್ಲ. ಹಜ್ರತ್ ಉಮರ್(ರ) ಖಲೀಫರಾಗಿದ್ದಾಗಲೂ ತೇಪೆ ಹಾಕಿದ ಅಂಗಿ ಧರಿಸುತ್ತಿದ್ದರೆಂಬುದನ್ನು ನಾವು ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಸೂಫಿಗಳು ತೇಪೆಯ ನಿಲುವಂಗಿಯನ್ನು ‘ಮುರಕ್ಕಾ’ ಎಂದು ಕರೆದರು. ಅದೇ ಪದ ಮುಂದೆ ಪರ್ಷಿಯಾದ, ಮೊಗಲರ ಆಸ್ಥಾನಗಳಲ್ಲಿ ಚಿತ್ರ ಮತ್ತು ಸುಂದರ ಲಿಪಿಯ ಹಾಳೆಗಳನ್ನು ಜೋಡಿಸಿದ ಸಂಪುಟಗಳಿಗೂ ಹೆಸರಾಯಿತು. ಅಂದರೆ ಬೇರೆಬೇರೆ ತುಂಡುಗಳನ್ನು ಕೂಡಿಸಿ ಒಂದು ಅಂದವನ್ನು ಕಟ್ಟುವುದಕ್ಕೆ, ಫಕೀರನ ಮೈಮೇಲಿನ ಬಟ್ಟೆಗೂ ಬಾದಶಹನ ಗ್ರಂಥಾಲಯದ ಹೊತ್ತಗೆಗೂ ಒಂದೇ ಪದ ಸಾಕಾಗಿತ್ತು. ಆ ಕಥೆಗೆ ತಲೆದೂಗುವ ನಾವು ಮನೆಗೆ ಬಂದು ಕೌದಿಯನ್ನು ಬಚ್ಚಿಡುತ್ತೇವೆ.

ಖಾನಾಪುರದ ಕಾಡಿನಂಚಿನಲ್ಲಿ

ಬೆಳಗಾವಿಯಿಂದ ರಜಾದಿನ ಹೊರಡುವ ಕಾರುಗಳಲ್ಲಿ ಅನೇಕವು ಖಾನಾಪುರ ತಾಲೂಕನ್ನು ಹಾಯ್ದೇ ಹೋಗುತ್ತವೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಿಂದ ಗೋವೆಗೆ. ಇಲ್ಲವೆ ಖಾನಾಪುರದ ಮೇಲಿಂದ ದಾಂಡೇಲಿಯ ಕಡೆಗೆ. ಮಳೆಗಾಲದಲ್ಲಿ ಜಲಪಾತ ಕಂಡಲ್ಲಿ ಕಾರು ನಿಲ್ಲುತ್ತದೆ, ಫೋಟೋ ಆಗುತ್ತದೆ, ಮತ್ತೆ ಹೊರಡುತ್ತದೆ. ಈ ತಾಲೂಕಿನ ಕಾಡಿನಂಚಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯದ ಕುಟುಂಬಗಳಿವೆ ಎಂಬುದನ್ನು ಕಾರಿನೊಳಗಿನವರಲ್ಲಿ ಎಷ್ಟು ಮಂದಿ ಬಲ್ಲರು?

ಆಫ್ರಿಕಾದ ಮೂಲದವರಾದ ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಇಂದು ಅವರು ಹೆಚ್ಚಾಗಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ, ಅಷ್ಟಿಷ್ಟು ಸಂಖ್ಯೆಯಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮೂವರ ಮನೆಯಲ್ಲೂ ಕೌದಿ ಇದೆ.

ಸಿದ್ದಿ ಹೆಂಗಸರ ಕೌದಿಗೆ ತನ್ನದೇ ವ್ಯಾಕರಣವಿದೆ. ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ, ಅಂಚಿನ ಉದ್ದಕ್ಕೂ ಸಾಗಿ, ಸುತ್ತು ಸುತ್ತಾಗಿ ಒಳಗೆ ಸರಿಯುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಹೀಗಾಗಿ ಅಕ್ಕಪಕ್ಕದ ತುಂಡುಗಳ ಬಣ್ಣ ಎಷ್ಟೇ ಕಿತ್ತಾಡಲಿ, ಹೊಲಿಗೆಯ ಸಾಲುಗಳು ಅವನ್ನೆಲ್ಲ ಒಂದೇ ಉಸಿರಿನಲ್ಲಿ ಕಟ್ಟಿಹಾಕುತ್ತವೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಹೊಲಿದ ಸಣ್ಣ ತ್ರಿಕೋನಗಳಿರುತ್ತವೆ. ಅವುಗಳ ಹೆಸರು ‘ಫೂಲ’, ಅಂದರೆ ಹೂವು. ಇವುಗಳಿಂದ ಹೊದೆಯುವವರಿಗೆ ಹೆಚ್ಚು ಬೆಚ್ಚಗಾಗುವುದಿಲ್ಲ, ಕೌದಿ ಹೆಚ್ಚು ಬಾಳಿಕೆ ಬರುವುದೂ ಇಲ್ಲ. ಆದರೂ ಫೂಲವಿಲ್ಲದ ಕೌದಿ ಅವರ ಪಾಲಿಗೆ ಬತ್ತಲೆ ಕೌದಿ. ‘ಬಡವರಿಗೆ ಉಪಯೋಗ ಮುಖ್ಯ, ಅಂದ ಆಮೇಲೆ’ ಎನ್ನುವ ನಮ್ಮ ಉದಾರ ತಿಳಿವಳಿಕೆಗೆ ಈ ನಾಲ್ಕು ಹೂಗಳು ಸಾಕಷ್ಟು ಉತ್ತರ ಕೊಡುತ್ತವೆ. ಮುಸ್ಲಿಂ ಸಿದ್ದಿಗಳ ಕೆಲವು ಕೌದಿಗಳಲ್ಲಿ ಅರ್ಧಚಂದ್ರ, ಕ್ರೈಸ್ತರ ಕೌದಿಗಳಲ್ಲಿ ಶಿಲುಬೆ ಕಾಣಿಸಿಕೊಳ್ಳುವುದುಂಟು. ಹೊಲಿಗೆ ಮಾತ್ರ ಎಲ್ಲರದೂ ಒಂದೇ.

ಗೋಡೆ ಏರಿದ ಮೇಲೆ

ಈ ಕೌದಿಗಳ ಕಡೆಗೆ ಹೊರಜಗತ್ತಿನ ಗಮನ ಸೆಳೆದವರಲ್ಲಿ ಪ್ರಮುಖರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್. 2004ರ ಸುಮಾರಿಗೆ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ಸಹಕಾರ ಗುಂಪೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಆಫ್ರಿಕಾದಿಂದ ಪಶ್ಚಿಮಕ್ಕೆ ಸಾಗಿಸಲ್ಪಟ್ಟವರ ಮೊಮ್ಮಕ್ಕಳು, ಪೂರ್ವಕ್ಕೆ ಸಾಗಿಸಲ್ಪಟ್ಟವರ ಮೊಮ್ಮಕ್ಕಳು ಹೊಲಿದ ಹೊದಿಕೆಗಳನ್ನು ನೋಡುವಂತಾದುದು ಸಣ್ಣ ಸಂಗತಿಯಲ್ಲ.

ಆದರೆ ಗೋಡೆಗೆ ತೂಗಿದ ಕೌದಿಯಲ್ಲಿ ಕೆಲವು ಸಂಗತಿಗಳು ಕಾಣೆಯಾಗುತ್ತವೆ. ಮೊದಲನೆಯದು ಅದರ ಹಿಂಬದಿ. ಮುಂಬದಿಯ ತುಂಡುಗಳು ಊರಿಗೆ ತೋರಿಸಲು; ಹಿಂಬದಿಯ ಹಳೆ ಸೀರೆ ಮನೆಯವರು ಗುರುತಿಸಲು. ಎರಡನೆಯದು ಅದರ ತೂಕ. ಚಳಿಗಾಲದ ರಾತ್ರಿಯಲ್ಲಿ ಕೌದಿಯ ಅರ್ಥ ಇರುವುದೇ ಅದರ ತೂಕದಲ್ಲಿ. ಮೂರನೆಯದು ಅದರ ಅಳತೆ. ಕೌದಿಯನ್ನು ಅಳೆಯುವುದು ಅದರಡಿ ಎಷ್ಟು ಮಂದಿ ಮಲಗಬಹುದು ಎಂಬ ಲೆಕ್ಕದಿಂದ. ಗೋಡೆಯ ಮೇಲೆ ಉಳಿಯುವುದು ಬಣ್ಣಗಳ ಜೋಡಣೆ ಮಾತ್ರ. ಅಷ್ಟನ್ನೇ ನೋಡಿ ‘ಎಷ್ಟು ಆಧುನಿಕ!’ ಎಂದು ಉದ್ಗರಿಸುವವರು ಕೌದಿಯನ್ನು ಹೊಗಳುತ್ತಿಲ್ಲ, ತಮಗೆ ಮೊದಲೇ ಪರಿಚಯವಿದ್ದ ಯಾವುದೋ ವರ್ಣಚಿತ್ರವನ್ನು ಹೊಗಳುತ್ತಿದ್ದಾರೆ.

ಗೋಡೆ ಏರಿದ ಮೇಲೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಸ್ಥಳವಿದೆ. ಗುಲಾಮರ ವಂಶದ ಬಡ ಕರಿಯ ಹೆಂಗಸರು ಅಲ್ಲಿ ತಲೆಮಾರುಗಳಿಂದ ಹಳೆ ಬಟ್ಟೆಯ ಹೊದಿಕೆ ಹೊಲಿಯುತ್ತಿದ್ದರು. 2002ರಲ್ಲಿ ಆ ಹೊದಿಕೆಗಳು ಹೂಸ್ಟನ್‌ನಲ್ಲಿ, ಬಳಿಕ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡು ಮನೆಮಾತಾದವು. 2006ರಲ್ಲಿ ಅವು ಅಂಚೆಚೀಟಿಗಳ ಮೇಲೂ ಬಂದವು. ಅವುಗಳ ವಿನ್ಯಾಸ ನೆಲಹಾಸಿಗೂ ಇತರ ಸರಕುಗಳಿಗೂ ಅಚ್ಚಾಯಿತು. 2007ರಲ್ಲಿ, ತಮಗೆ ಸಲ್ಲಬೇಕಾದ ಪಾಲು ಸಿಗಲಿಲ್ಲವೆಂದು ಕೆಲವು ಹೆಂಗಸರು ನ್ಯಾಯಾಲಯದ ಮೆಟ್ಟಿಲೇರಿದರು. 2008ರಲ್ಲಿ ಆ ಮೊಕದ್ದಮೆಗಳು ಇತ್ಯರ್ಥವಾದವು. ಯಾರದು ಸರಿ, ಯಾರದು ತಪ್ಪು ಎಂಬುದಕ್ಕಿಂತ ನಮಗೆ ಮುಖ್ಯವಾದುದು ಇದು: ಹೊದಿಕೆಗೆ ಗೌರವ ಸಿಕ್ಕಿದೊಡನೆ ಹೊಲಿದವಳಿಗೂ ನ್ಯಾಯ ಸಿಕ್ಕಿಬಿಡುತ್ತದೆ ಎಂದುಕೊಳ್ಳುವಂತಿಲ್ಲ.

ಅಚ್ಚಿನ ತೇಪೆ

ನಮ್ಮ ಪೇಟೆಗಳಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಈಗ ಮಾರುಕಟ್ಟೆಯಲ್ಲಿ ತೇಪೆಯ ಚಿತ್ರವನ್ನೇ ಅಚ್ಚು ಹಾಕಿದ ಬೆಡ್‌ಶೀಟುಗಳಿವೆ. ದೂರದಿಂದ ನೋಡಿದರೆ ಕೌದಿ. ಹತ್ತಿರ ಹೋದರೆ ಒಂದೇ ಬಟ್ಟೆ, ಒಂದೇ ಹಾಳೆ. ಹೊಲಿಗೆಯ ಸಾಲುಗಳೂ ಬಣ್ಣದಲ್ಲಿ ಬರೆದವು. ಹೊಚ್ಚಹೊಸ ಬಟ್ಟೆಯನ್ನು ಚೂರು ಚೂರಾಗಿ ಕತ್ತರಿಸಿ ಮತ್ತೆ ಜೋಡಿಸಿದ ದುಬಾರಿ ‘ಪ್ಯಾಚ್‌ವರ್ಕ್’ ಕುರ್ತಾಗಳೂ ಇವೆ. ಕೌದಿ ಹುಟ್ಟಿದ್ದು ಏನನ್ನೂ ವ್ಯರ್ಥ ಮಾಡಬಾರದೆಂಬ ಎಚ್ಚರದಲ್ಲಿ. ಅದರ ಅನುಕರಣೆ ನಡೆಯುತ್ತಿರುವುದು ದುಂದುಗಾರಿಕೆಯಲ್ಲಿ. ರೂಪವನ್ನು ಮಾತ್ರ ಎತ್ತಿಕೊಂಡು ಅದರ ನೀತಿಯನ್ನು ಬಿಟ್ಟುಬಿಡುವ ಅಭಿರುಚಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಶೋಕೇಸಿನಲ್ಲೂ ಇದೇ ಕಥೆ. ಹಗುರ ಮರದಲ್ಲಿ ಕೆತ್ತಿ ಬಣ್ಣ ಬಳಿದ ಗೋಕಾಕದ ಮಾವು, ಸೀತಾಫಲಗಳು ಒಂದು ಕಾಲದಲ್ಲಿ ಈ ಭಾಗದ ಮನೆಗಳ ಅಲಂಕಾರವಾಗಿದ್ದವು. ಅವುಗಳ ಜಾಗದಲ್ಲಿ ಈಗ ಪ್ಲಾಸ್ಟಿಕ್ ಸೇಬು ಕುಳಿತಿದೆ. ನವಲಗುಂದದ ಮುಸ್ಲಿಂ ಹೆಂಗಸರು ಮನೆಯೊಳಗಿನ ಮಗ್ಗದಲ್ಲಿ ನೇಯುತ್ತ ಬಂದ ಜಮಖಾನ, ಜಾನಮಾಜ್‌ಗಳನ್ನು ನೇಯುವವರು ಇಂದು ಕೆಲವರೇ ಉಳಿದಿದ್ದಾರೆ. ದೂರದ ಕಾರ್ಖಾನೆಯ ಮಖಮಲ್ಲಿನ ಜಾನಮಾಜ್ ಮಾತ್ರ ಎಲ್ಲೆಡೆ ಸಿಗುತ್ತದೆ. ಎರಡೂ ಪವಿತ್ರವೇ, ಸಂಶಯವಿಲ್ಲ. ಆದರೆ ಒಂದನ್ನು ಕೊಂಡರೆ ನೂರು ಕಿಲೋಮೀಟರಿನೊಳಗಿನ ಒಂದು ಒಲೆ ಉರಿಯುತ್ತದೆ.

ಪಟ್ಟಿಯಲ್ಲಿ ಇಲ್ಲದವರು

ಹೊಲಿದವಳ ಮಾತಿಗೆ ಮರಳೋಣ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೆ ಆ ಪಟ್ಟಿಯಲ್ಲಿ ಸಿದ್ದಿ ಎಂಬ ಹೆಸರಿನ ಮುಂದೆ ಒಂದೇ ಜಿಲ್ಲೆಯ ಹೆಸರಿತ್ತು. ಖಾನಾಪುರದ ಸಿದ್ದಿ, ಹಳಿಯಾಳದ ತನ್ನ ನೆಂಟರ ಹಾಗೆಯೇ ಸಿದ್ದಿಯಾಗಿದ್ದರೂ ಕಾಗದದ ಮೇಲೆ ಆಗಿರಲಿಲ್ಲ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2020ರಲ್ಲಿ, ಅಂದರೆ ಹದಿನೇಳು ವರ್ಷಗಳ ನಂತರ. ಸಿದ್ದಿ ಕೌದಿಗೆ ಹಾರ್ಲೆಮ್‌ನ ಗೋಡೆ ಸಿಕ್ಕಿ ಆಗಲೇ ಒಂಬತ್ತು ವರ್ಷಗಳಾಗಿದ್ದವು. ಕೌದಿಯನ್ನು ಗುರುತಿಸುವುದು ಎಷ್ಟು ಸುಲಭ, ಕೌದಿ ಹೊಲಿಯುವವರನ್ನು ಗುರುತಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸರಕಾರವನ್ನಷ್ಟೇ ದೂರಿದರೆ ಮುಗಿಯಲಿಲ್ಲ. ಹಜ್ರತ್ ಬಿಲಾಲ್(ರ)ರ ಹೆಸರನ್ನು ಹೆಮ್ಮೆಯಿಂದ ಹೇಳುವ ನಮ್ಮ ನಡುವೆ, ಕಾಡಿನಂಚಿನಲ್ಲಿರುವ ಸಿದ್ದಿಯನ್ನು ತನ್ನವನೆಂದು ಎಣಿಸುವವರು ಎಷ್ಟು ಮಂದಿ? ಅವರ ಹಾಡು, ಕುಣಿತಗಳನ್ನು ಸಮಾರಂಭದ ವೇದಿಕೆಗೆ ಕರೆಸುವ ಉತ್ಸಾಹ, ಅವರ ಮನೆಗೆ ಹೋಗಿ ಚಹಾ ಕುಡಿಯುವುದರಲ್ಲಿ ಇದೆಯೇ? ಇದು ಮುಸ್ಲಿಮರಿಗೆ, ಹಿಂದೂಗಳಿಗೆ, ಕ್ರೈಸ್ತರಿಗೆ ಸಮಾನವಾಗಿ ಕೇಳಬೇಕಾದ ಪ್ರಶ್ನೆ.

ಹಾಗಾದರೆ ಕೌದಿಯನ್ನು ಕೊಳ್ಳಬಾರದೇ, ಗೋಡೆಗೆ ಹಾಕಬಾರದೇ? ಧಾರಾಳವಾಗಿ ಹಾಕಬಹುದು. ಬಳಕೆಯ ವಸ್ತು ಬಳಕೆಯಲ್ಲೇ ಇರಬೇಕೆಂದು ಹಟ ಹಿಡಿದರೆ ಹೊಲಿಯುವವಳ ಗಳಿಕೆಗೆ ನಾವೇ ಅಡ್ಡಗಾಲು ಹಾಕಿದಂತಾಗುತ್ತದೆ. ಆದರೆ ಕೊಳ್ಳುವಾಗ ಎರಡು ಪ್ರಶ್ನೆ ಕೇಳಬಹುದು: ಇದನ್ನು ಹೊಲಿದವರು ಯಾರು? ಈ ಬೆಲೆಯಲ್ಲಿ ಅವರಿಗೆ ಎಷ್ಟು ಹೋಗುತ್ತದೆ? ಬೆಳಗಾವಿಯ ಸರ್ದಾರ್ ಮೈದಾನದಲ್ಲೋ ಸಿಪಿಇಡಿ ಮೈದಾನದಲ್ಲೋ ಕರಕುಶಲ ಪ್ರದರ್ಶನ ನಡೆದಾಗ ಈ ಪ್ರಶ್ನೆ ಕೇಳುವವರು ಹತ್ತು ಮಂದಿ ಇದ್ದರೆ, ಹನ್ನೊಂದನೆಯವರು ಬರುವ ವೇಳೆಗೆ ಅಂಗಡಿಯವರು ಉತ್ತರ ಸಿದ್ಧಮಾಡಿಕೊಂಡಿರುತ್ತಾರೆ. ಚಿತ್ರಕಾರನ ಹೆಸರಿಲ್ಲದ ವರ್ಣಚಿತ್ರಕ್ಕೆ ಬೆಲೆ ಕಟ್ಟಲು ಹಿಂದೆಮುಂದೆ ನೋಡುವ ನಾವು, ಹೆಸರಿಲ್ಲದ ಕೌದಿಯನ್ನು ಮಾತ್ರ ‘ಜಾನಪದ’ ಎಂದು ಸಮಾಧಾನ ಮಾಡಿಕೊಳ್ಳುವುದು ನಿಲ್ಲಬೇಕು.

ಕೊಳ್ಳಲು ಶಕ್ತಿಯಿಲ್ಲದವರಿಗೂ ಒಂದು ಕೆಲಸವಿದೆ. ಟ್ರಂಕಿನ ಮೇಲೆ ಮಡಚಿಟ್ಟ ಕೌದಿಯನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಿ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ತುಂಡು ಯಾರ ಅಂಗಿಯದು, ಇದು ಯಾವ ಹಬ್ಬದ ಸೀರೆ, ಈ ಮೂಲೆಯನ್ನು ಹೊಲಿದವರು ಯಾರು ಎಂದು ಕೇಳಬಹುದು. ಹೇಳಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅತಿಥಿಗಳು ಬಂದರೆ ಅವರೂ ಕೇಳಿಸಿಕೊಳ್ಳಲಿ.