ಕೂಡಿಸುವ ಲೆಕ್ಕ

ವಿಡಿಯೋ ಗೇಮಿಗೂ ವಿಮರ್ಶೆಯೇ ಎಂದು ನೀವು ಹುಬ್ಬೇರಿಸಬಹುದು. ಸಿನಿಮಾಕ್ಕೆ ಬರೆಯುತ್ತೇವೆ, ಧಾರಾವಾಹಿಗೆ ಬರೆಯುತ್ತೇವೆ. ಮಕ್ಕಳ ಬೇಸಿಗೆ ರಜೆಯನ್ನು ಇಡಿಯಾಗಿ ನುಂಗಿದ ಆಟಕ್ಕೆ ಎರಡು ಮಾತು ಬರೆದರೆ ತಪ್ಪೇನು?

ಜಪಾನಿನ ಕೊನಾಮಿ ಕಂಪನಿ 1983ರಲ್ಲಿ 'ಟ್ರ್ಯಾಕ್ ಅಂಡ್ ಫೀಲ್ಡ್' ಎಂಬ ಕ್ರೀಡಾಕೂಟದ ಆಟವನ್ನು ತಂದಿತು. ತವರಿನಲ್ಲಿ ಅದರ ಹೆಸರು 'ಹೈಪರ್ ಒಲಿಂಪಿಕ್'. ನಾಣ್ಯ ಹಾಕಿ ಆಡುವ ಆ ಯಂತ್ರದಲ್ಲಿ ಓಟ, ಉದ್ದ ಜಿಗಿತ, ಜಾವೆಲಿನ್, ಹರ್ಡಲ್ಸ್, ಹ್ಯಾಮರ್, ಎತ್ತರ ಜಿಗಿತ ಎಂದು ಆರು ಸ್ಪರ್ಧೆಗಳಿದ್ದವು. 1985ರಲ್ಲಿ ಮನೆಯ ಟೀವಿಗೆ ಬರುವಾಗ ನಾಲ್ಕೇ ಉಳಿದವು. ತೊಂಬತ್ತರ ದಶಕದಲ್ಲಿ ಆರ್.ಟಿ. ನಗರದ ನಮ್ಮ ಮನೆಗೆ ಬಂದದ್ದು ಈ ನಾಲ್ಕರದು, ಹತ್ತಾರು ಆಟಗಳನ್ನು ತುರುಕಿದ ಅಗ್ಗದ ಕ್ಯಾಸೆಟ್ಟಿನಲ್ಲಿ. ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಂಡು ಆಡಿಸುವ ಅಂಗಡಿಗಳೂ ಆಗ ಇದ್ದವು. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅವರ ಮೈದಾನವೆಂದರೆ ಮನೆಯ ಟೀವಿಯೇ.

ಆಡುವ ಬಗೆ ಬಹಳ ಸುಲಭ. ಒಂದು ಗುಂಡಿಯನ್ನು ಟಕಟಕನೆ ಒತ್ತಿದಷ್ಟೂ ಗೊಂಬೆ ಜೋರಾಗಿ ಓಡುತ್ತದೆ. ಇನ್ನೊಂದನ್ನು ಒತ್ತಿದರೆ ಹಾರುತ್ತದೆ, ಇಲ್ಲವೇ ಎಸೆಯುತ್ತದೆ. ಓಟ ಯಾವುದು, ಎಸೆತ ಯಾವುದು ಎಂದು ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಎಲ್ಲವೂ ಬೆರಳಿನ ಪಾಡೇ. ಅಗ್ಗದ ಸೆಟ್ಟುಗಳ ರಿಮೋಟಿನಲ್ಲಿ 'ಟರ್ಬೊ' ಎಂಬ ಇನ್ನೆರಡು ಗುಂಡಿಗಳಿರುತ್ತಿದ್ದವು. ಒತ್ತಿ ಹಿಡಿದರೆ ಸಾಕು, ಟಕಟಕ ಕೆಲಸವನ್ನು ಅದೇ ಮಾಡುತ್ತಿತ್ತು. ಅದು ಮೋಸವೋ ಜಾಣತನವೋ ಎಂದು ಮಕ್ಕಳಲ್ಲಿ ನಡೆದ ಜಗಳಗಳಿಗೆ ಲೆಕ್ಕವಿಲ್ಲ.

ಉದ್ದ ಜಿಗಿತದಲ್ಲಿ ಮಾತ್ರ ಸ್ವಲ್ಪ ಬುದ್ಧಿಗೂ ಕೆಲಸವಿದೆ. ಗುಂಡಿಯನ್ನು ಎಷ್ಟು ಹೊತ್ತು ಹಿಡಿಯುತ್ತೀರೋ ಅಷ್ಟು ಕೋನ ಏರುತ್ತದೆ. 45 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟರೆ ಒಳ್ಳೆಯ ದೂರ. ಇದು ಶಾಲೆಯ ಭೌತಶಾಸ್ತ್ರದ ಕಲ್ಲೆಸೆತದ ಲೆಕ್ಕ. ನಿಜವಾದ ಜಿಗಿತಗಾರರು ನೆಲ ಬಿಡುವುದು ಸುಮಾರು 20 ಡಿಗ್ರಿಯಲ್ಲಿ. ಅಷ್ಟು ವೇಗದಲ್ಲಿ ಓಡಿ ಬಂದ ಮೈಯನ್ನು ಅದಕ್ಕಿಂತ ಬಹಳ ಮೇಲಕ್ಕೆ ಎತ್ತಲು ಹೋದರೆ ಓಟದ ವೇಗವೇ ಸತ್ತುಹೋಗುತ್ತದೆ. ಆಟ ಮಾಡಿದವರಿಗೆ ಲೆಕ್ಕ ಗೊತ್ತಿತ್ತು, ಕಾಲಿನ ಕಷ್ಟ ಗೊತ್ತಿರಲಿಲ್ಲ.

ಇವೆಲ್ಲ ಸಣ್ಣ ಕೊರತೆಗಳು. ನನ್ನ ದೊಡ್ಡ ತಕರಾರು ಬೇರೆ. ಇಲ್ಲಿ ಪ್ರತಿಯೊಂದು ಸ್ಪರ್ಧೆಗೂ ಒಂದು ಗಡಿ ಇದೆ; ಮುಟ್ಟದಿದ್ದರೆ ಆಟ ಅಲ್ಲಿಗೇ ಮುಗಿಯಿತು. ರಜೆಗೆ ಯಲಹಂಕದಿಂದ ಬರುತ್ತಿದ್ದ ಅಕ್ಕನ ಮಗಳಿಗೆ ಕೋನ ಹಿಡಿಯುವುದರಲ್ಲಿ ಒಳ್ಳೆ ಕೈ. ಬೆರಳಿನ ವೇಗ ಮಾತ್ರ ಸಾಲದು. ಜಾವೆಲಿನ್ ಇದ್ದದ್ದು ಕೊನೆಯಲ್ಲಿ. "ಚಿಕ್ಕಮ್ಮಾ, ಎಸೆಯೋದು ನಂಗೆ ಚೆನ್ನಾಗಿ ಬರುತ್ತೆ. ಅಲ್ಲೀತನಕ ಹೋಗೋಕೇ ಬಿಡಲ್ಲ ಇದು" ಎನ್ನುತ್ತಿದ್ದಳು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ.

ಅದೇ 1983ರಲ್ಲಿ ಅಮೆರಿಕದ ಆಕ್ಟಿವಿಷನ್ ಕಂಪನಿಗೆ ಡೇವಿಡ್ ಕ್ರೇನ್ ಮಾಡಿಕೊಟ್ಟ 'ಡೆಕಾಥ್ಲಾನ್' ನ್ಯಾಯವಾದದ್ದು. ಅದರಲ್ಲಿ ಕಡ್ಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಅಲ್ಲಾಡಿಸಿ ಕೈ ಸೋಲುತ್ತದೆ, ಕಡ್ಡಿಯೇ ಮುರಿಯುವುದೂ ಉಂಟು. ಆದರೆ ಒಂದರಲ್ಲಿ ಎಡವಿದವರನ್ನು ಅದು ಆಚೆಗೆ ತಳ್ಳುವುದಿಲ್ಲ. ಹತ್ತನ್ನೂ ಆಡಿಸಿ ಅಂಕಗಳನ್ನು ಕೂಡಿಸುತ್ತದೆ. ಬಹುಸ್ಪರ್ಧೆಯ ಜೀವವೇ ಈ ಕೂಡಿಸುವ ಲೆಕ್ಕದಲ್ಲಿದೆ.

ಹೆಂಗಸರ ಹೆಪ್ಟಾಥ್ಲಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಎರಡು ದಿನ, ಏಳು ಸ್ಪರ್ಧೆ. ಒಂದರಲ್ಲಿ ಸೊನ್ನೆ ಬಂದರೂ ಉಳಿದವನ್ನು ಆಡಬಹುದು. ನಮ್ಮ ಧಾರವಾಡದ ಕಡೆಯ ಜೆ.ಜೆ. ಶೋಭಾ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಎರಡನೆಯ ದಿನ ಕಾಲು ಉಳುಕಿದರೂ ಪಟ್ಟಿ ಬಿಗಿದುಕೊಂಡು ಬಂದು ಕೊನೆಯ 800 ಮೀಟರ್ ಓಡಿ ಮುಗಿಸಿದರು. ಒಟ್ಟು 6172 ಅಂಕ, 11ನೆಯ ಸ್ಥಾನ. ಕೊನಾಮಿಯ ನಿಯಮದಲ್ಲಿ ಇಂಥ ಓಟಕ್ಕೆ ಜಾಗವೇ ಇಲ್ಲ.

ಗಡಿ ಮುಟ್ಟದವರನ್ನು ಮನೆಗೆ ಕಳಿಸುವ ನಿಯಮ ನಮಗೇನು ಹೊಸದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಕೈಕೊಟ್ಟಿತೆಂದು ಓದು ನಿಲ್ಲಿಸಿದ ಹುಡುಗಿಯರನ್ನು ನೀವೂ ಬಲ್ಲಿರಿ. ಅವರಲ್ಲಿ ಹಾಡುವವರಿದ್ದರು, ಅಚ್ಚುಕಟ್ಟಾಗಿ ಬರೆಯುವವರಿದ್ದರು. ಆ ಅಂಕಗಳನ್ನು ಕೂಡಿಸಿದವರು ಯಾರೂ ಇರಲಿಲ್ಲ. ಮುದ್ದೆ ಗಂಟಾದರೂ ಸಾರು ಚೆನ್ನಾಗಿದ್ದರೆ ಊಟ ಸಾಗುತ್ತದೆಂದು ತಿಳಿದ ನಾವು, ಮಕ್ಕಳ ವಿಷಯದಲ್ಲಿ ಮಾತ್ರ ಮೊದಲ ಗಡಿಯಲ್ಲೇ ಬಾಗಿಲು ಹಾಕಿಬಿಡುತ್ತೇವೆ.

ಬೆರಳಿಗೆ ಕಸರತ್ತು, ಮಕ್ಕಳಿಗೆ ನಗು, ಮಳೆಗಾಲದ ಮಧ್ಯಾಹ್ನಕ್ಕೆ ಕಾಲಹರಣ ಎಂದರೆ 'ಟ್ರ್ಯಾಕ್ ಅಂಡ್ ಫೀಲ್ಡ್' ಈಗಲೂ ಚೆನ್ನ. ಆದರೆ ಕ್ರೀಡಾಕೂಟದ ರುಚಿ ತಿಳಿಯಬೇಕಾದರೆ, ಸೋತ ಹುಡುಗಿಯ ಕೈಯಿಂದ ರಿಮೋಟ್ ಕಸಿಯದ ಆಟವನ್ನೇ ಆರಿಸಿ.