ತಿರುಗಾಟದ ವ್ಯವಸ್ಥೆಯೂ ಕಲೆಯೂ

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘದ ನಾಟಕಗಳನ್ನು ವಿಮರ್ಶಿಸುವವರು ನಿರ್ದೇಶಕನ ಕಲ್ಪನೆಯನ್ನೂ ನಟನ ಅಭಿನಯವನ್ನೂ ಕುರಿತು ಬರೆದು, ಸಂಸ್ಥೆಯ ವ್ಯವಹಾರವನ್ನು ಕಾರ್ಯದರ್ಶಿಯ ವರದಿಗೆ ಬಿಟ್ಟುಬಿಡುತ್ತಾರೆ. ಇದು ಅರ್ಧ ವಿಮರ್ಶೆ. ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ‘ತಿರುಗಾಟ’ವೂ ಆರಂಭವಾದವು. ಕಲಿತ ನಟನಿಗೆ ಕೆಲಸ ಬೇಕು, ಊರೂರಿನ ಸಂಘಗಳಿಗೆ ನಾಟಕ ಬೇಕು. ತಿರುಗಾಟವು ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿತು. ಇಂದು ಒಂದೂರು, ನಾಳೆ ಮತ್ತೊಂದೂರು ಎಂದಮೇಲೆ ರಂಗಸಜ್ಜಿಕೆಯು ಬೇಗನೆ ಬಿಚ್ಚಿ ಕಟ್ಟುವಂತಿರಬೇಕು. ಒಬ್ಬನೇ ನಟನು ಹಲವು ಪಾತ್ರಗಳನ್ನು ವಹಿಸಬೇಕು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದಿದ್ದವು, ಆ ವೈಭವದ ಭಾರವನ್ನು ಟಿಕೆಟ್ಟು ಹೊರಬೇಕಾಗಿತ್ತು. ತಿರುಗಾಟದ ಸರಳತೆಯಲ್ಲಾದರೋ ಅಭಿರುಚಿಯಷ್ಟೇ ಲೆಕ್ಕಾಚಾರವೂ ಇದೆ. (ನಮ್ಮ ಯಕ್ಷಗಾನ ಮೇಳಗಳು ಈ ಲೆಕ್ಕವನ್ನು ಎಂದೋ ಬಲ್ಲವು.) ಆದರೆ ಒಂದೇ ತಂಡವು ಒಂದೇ ವರ್ಷ ಷೇಕ್ಸ್‌ಪಿಯರನನ್ನೂ ಕನ್ನಡದ ಹೊಸ ನಾಟಕವನ್ನೂ ಆಡುವಾಗ ನಡೆನುಡಿಗಳು ಕೆಲವೊಮ್ಮೆ ಒಂದೇ ಅಚ್ಚಿನವಾಗಿ ತೋರುತ್ತವೆ. ಇದಕ್ಕೆ ನಟನನ್ನು ದೂರುವುದು ಸುಲಭ. ಅಭ್ಯಾಸದ ದಿನಗಳನ್ನು ಹೆಚ್ಚಿಸೋಣವೆಂದರೆ ಪ್ರದರ್ಶನಗಳು ಕಡಿಮೆಯಾಗುತ್ತವೆ. ಪ್ರದರ್ಶನಗಳು ಕಡಿಮೆಯಾದರೆ ಅದೇ ನಟನ ಸಂಬಳಕ್ಕೆ ಕೊರತೆ ಬೀಳುತ್ತದೆ.